ಕಾರ್ಟಿಸಾಲ್ ನಾರ್ಮಲ್ ಬಂದಿದೆ, ಆದರೂ ನಿದ್ದೆ ಇಲ್ಲ

ಪ್ರಶ್ನೆ: ನಮ್ಮದು ಕಾಪು ಹತ್ತಿರ. ನನ್ನ ಗಂಡನಿಗೆ 34 ವರ್ಷ. ಆರು ವರ್ಷದಿಂದ ಆಂಬುಲೆನ್ಸ್‌ನಲ್ಲಿ ಇಎಂಟಿ (ದಾರಿಯಲ್ಲೇ ತುರ್ತು ಚಿಕಿತ್ಸೆ ಕೊಡುವವರು) ಆಗಿದ್ದಾರೆ. ಈ ಮಳೆಗಾಲದ ಶುರುವಿನಲ್ಲಿ ಹೆದ್ದಾರಿಯಲ್ಲಿ ಬೈಕ್ ಅಪಘಾತವಾಗಿ ಒಬ್ಬ ಕಾಲೇಜು ಹುಡುಗ ಇವರ ಕೈಯಲ್ಲೇ ತೀರಿಕೊಂಡ. ಆಸ್ಪತ್ರೆ ಮುಟ್ಟುವ ತನಕ ಆ ಹುಡುಗನ ಜೇಬಿನಲ್ಲಿ ಫೋನ್ ರಿಂಗ್ ಆಗ್ತಾನೇ ಇತ್ತಂತೆ. ಮೂರು ತಿಂಗಳು ದಾಟಿತು. ಇವರು ಈಗ ಫೋನನ್ನು ಯಾವಾಗಲೂ ಸೈಲೆಂಟ್‌ನಲ್ಲಿ ಇಡ್ತಾರೆ. ನನ್ನ ಫೋನ್ ರಿಂಗ್ ಆದರೂ ಬೆಚ್ಚಿ ಬೀಳ್ತಾರೆ. ರಾತ್ರಿ ಮೂರಕ್ಕೆ ಎದ್ದು ಜಗಲಿಯಲ್ಲಿ ಕೂತಿರ್ತಾರೆ. ಮಗಳ ಮೇಲೆ ಸುಮ್ನೆ ರೇಗ್ತಾರೆ. ಪರಿಚಯದವರೊಬ್ಬರು ಸ್ಟ್ರೆಸ್ ಹಾರ್ಮೋನ್ ಟೆಸ್ಟ್ ಮಾಡಿಸಿ ಎಂದರು. ನೈಟ್ ಡ್ಯೂಟಿ ಮುಗಿಸಿ ಬರುವಾಗ ಬೆಳಗ್ಗೆ 9ಕ್ಕೆ ರಕ್ತ ಕೊಟ್ಟರು. ಕಾರ್ಟಿಸಾಲ್ 8.2 ಬಂತು, ನಾರ್ಮಲ್ ಅಂತ ಬರೆದಿದೆ. ‘ನೋಡು, ನನಗೇನೂ ಇಲ್ಲ’ ಅಂತಾರೆ. ಅವರ ಸೀನಿಯರ್ ಒಬ್ಬರು 15 ವರ್ಷದಿಂದ ಇದೇ ಕೆಲಸದಲ್ಲಿ ಆರಾಮಾಗಿದ್ದಾರೆ. ಹಾಗಾದರೆ ಇವರ ಮನಸ್ಸೇ ವೀಕಾ? ಅಶ್ವಗಂಧ ಕೊಡಬಹುದಾ? ಕೆಲಸ ಬಿಡಿಸಬೇಕಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಅವರ ಮನಸ್ಸು ವೀಕ್ ಅಲ್ಲ. ಅಶ್ವಗಂಧದಿಂದ ಇದು ವಾಸಿಯಾಗುವುದಿಲ್ಲ. ಕೆಲಸ ಬಿಡುವ ತೀರ್ಮಾನ ಈಗ ಬೇಡ. ಇನ್ನು ಆ ಲ್ಯಾಬ್ ರಿಪೋರ್ಟನ್ನು ಮಡಚಿ ಕಪಾಟಿನಲ್ಲಿ ಇಡಿ. ನಿಮ್ಮ ಪ್ರಶ್ನೆಗೆ ಅದರಲ್ಲಿ ಉತ್ತರ ಇಲ್ಲ. 8.2 ಬಂದಿದೆ ಎಂದ ಮಾತ್ರಕ್ಕೆ ಅವರು ಆರಾಮಾಗಿದ್ದಾರೆ ಎನ್ನಲಾಗದು. 28 ಬಂದಿದ್ದರೂ ಅವರ ಮನಸ್ಸು ಕುಸಿದಿದೆ ಎನ್ನಲು ಆಗುತ್ತಿರಲಿಲ್ಲ. ಸೈಲೆಂಟ್ ಮಾಡಿದ ಫೋನ್, ಮೂರು ಗಂಟೆಯ ಜಗಲಿ, ಮಗಳ ಮೇಲಿನ ಸಿಟ್ಟು. ನೀವು ಕಣ್ಣಾರೆ ನೋಡಿ ಬರೆದ ಈ ಮೂರು ಸಂಗತಿ ರಿಪೋರ್ಟಿಗಿಂತ ಎಷ್ಟೋ ಜಾಸ್ತಿ ಹೇಳುತ್ತವೆ.

ಕಾರಣ ತಿಳಿಯಬೇಕಾದರೆ ಒಂದು ಕಾಲ್ ಬಂದಾಗ ಅವರ ಮೈಯೊಳಗೆ ಏನಾಗುತ್ತದೆ ಎಂದು ನೋಡಬೇಕು.

ಫೋನ್ ಬರುತ್ತದೆ. ರಸ್ತೆ ಅಪಘಾತದ ಕೇಸ್, ಹೆದ್ದಾರಿ, ಹುಡುಗನಿಗೆ ಪ್ರಜ್ಞೆ ಇಲ್ಲ. ಪೈಲಟ್, ಎಂದರೆ ಆಂಬುಲೆನ್ಸ್ ಚಾಲಕ, ಸೈರನ್ ಹಾಕುವಷ್ಟರಲ್ಲೇ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಾಲಿನ್ ರಕ್ತಕ್ಕೆ ಇಳಿದಿರುತ್ತದೆ. ಇದು ಸೆಕೆಂಡುಗಳ ಲೆಕ್ಕ. ಎದೆಬಡಿತ ಏರುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ರಕ್ತ ಸ್ನಾಯುಗಳ ಕಡೆ ಓಡುತ್ತದೆ. ಓಡಾಡುವ ಬಂಡಿಯಲ್ಲಿ, ಮಳೆಯಲ್ಲಿ ನೆನೆದ ಕೈಯಲ್ಲಿ, ರಕ್ತನಾಳ ಹುಡುಕಿ ಸೂಜಿ ಹಾಕಲು ಸಾಧ್ಯವಾಗುವುದು ಇದರಿಂದಲೇ. ಹೀಗೆ ಮೈ ಸಜ್ಜಾಗುವುದನ್ನು ವಾಲ್ಟರ್ ಕ್ಯಾನನ್ ಎಂಬ ಅಮೆರಿಕದ ವಿಜ್ಞಾನಿ ನೂರು ವರ್ಷದ ಹಿಂದೆಯೇ ವಿವರಿಸಿದ್ದರು. ಅಡ್ರಿನಾಲಿನ್ ರಕ್ತದಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಎರಡು ಮೂರು ನಿಮಿಷಕ್ಕೆ ಅರ್ಧ ಆಗುತ್ತದೆ.

ಕಾರ್ಟಿಸಾಲ್‌ನದ್ದು ನಿಧಾನದ ನಡೆ. ಮೆದುಳಿನ ಹೈಪೋಥಲಾಮಸ್ ಎಂಬ ಭಾಗದಿಂದ ಪಿಟ್ಯುಟರಿ ಗ್ರಂಥಿಗೆ ಸೂಚನೆ ಹೋಗಬೇಕು. ಅಲ್ಲಿಂದ ಎಸಿಟಿಎಚ್ ಎಂಬ ಹಾರ್ಮೋನ್ ರಕ್ತದ ಮೂಲಕ ಅಡ್ರಿನಲ್‌ಗೆ ಬರಬೇಕು. ಆಮೇಲೆ ಕಾರ್ಟಿಸಾಲ್ ಹೊರಡುತ್ತದೆ. ಅದು ತುದಿ ಮುಟ್ಟಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಎಂದರೆ ಕಾಪುವಿನಲ್ಲಿ ಎತ್ತಿಕೊಂಡ ರೋಗಿಯನ್ನು ಉಡುಪಿಯ ಆಸ್ಪತ್ರೆಯಲ್ಲಿ ಇಳಿಸುವ ಹೊತ್ತಿಗೆ ನಿಮ್ಮ ಯಜಮಾನರ ಕಾರ್ಟಿಸಾಲ್ ಇನ್ನೂ ಏರುತ್ತಾ ಇರುತ್ತದೆ. ಕೇಸ್ ಮುಗಿದಿದೆ, ಮೈಗೆ ಮುಗಿದಿಲ್ಲ.

ಈ ಕಾರ್ಟಿಸಾಲ್ ಅನ್ನು ಎಲ್ಲರೂ ವಿಲನ್ ಮಾಡಿಬಿಟ್ಟಿದ್ದಾರೆ. ಅದು ಸರಿಯಲ್ಲ. ಅದು ಸ್ನಾಯು ಮತ್ತು ಮೆದುಳಿಗೆ ಸಕ್ಕರೆ ಒದಗಿಸುತ್ತದೆ, ಉರಿಯೂತ ತಗ್ಗಿಸುತ್ತದೆ. ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದಿದೆ. ಮೆದುಳಿಗೆ ವಾಪಸ್ ಹೋಗಿ ‘ಇನ್ನು ಸಾಕು, ನಿಲ್ಲಿಸಿ’ ಎನ್ನುವುದೂ ಅದೇ ಕಾರ್ಟಿಸಾಲ್. ಗಾಬರಿಯ ಜೊತೆ ಏರುವ ಹಾರ್ಮೋನೇ ಗಾಬರಿಯನ್ನು ಮುಗಿಸುವುದಕ್ಕೂ ಬೇಕು. ಆ ಮುಗಿಸುವ ಕೆಲಸ ಎಷ್ಟು ಚೆನ್ನಾಗಿ ಆಗುತ್ತದೆ ಎನ್ನುವುದರ ಮೇಲೆ ಮನುಷ್ಯ ಚೇತರಿಸಿಕೊಳ್ಳುವುದು ತುಂಬಾ ಮಟ್ಟಿಗೆ ನಿಂತಿದೆ. ಇಡೀ ಉತ್ತರದಲ್ಲಿ ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು. ಗಟ್ಟಿ ಮನಸ್ಸಿನವರಿಗೂ ಹಾರ್ಮೋನ್ ಏರುತ್ತದೆ. ಏರಿದ್ದು ಇಳಿಯಲು ಅವರ ಮೈಗೆ ಅವಕಾಶ ಸಿಕ್ಕಿದೆಯಾ ಎನ್ನುವುದೇ ಪ್ರಶ್ನೆ.

ಈಗ ಆ 8.2ಕ್ಕೆ ಬರೋಣ. ಕಾರ್ಟಿಸಾಲ್ ದಿನವಿಡೀ ಒಂದೇ ಸಮ ಇರುವುದಿಲ್ಲ. ರಾತ್ರಿ ಮಲಗಿ ಬೆಳಗ್ಗೆ ಏಳುವವರಲ್ಲಿ ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ಅದು ತುದಿಗೆ ಹೋಗುತ್ತದೆ. ಸಂಜೆಗೆ ಇಳಿಯುತ್ತದೆ, ನಡುರಾತ್ರಿ ಹೊತ್ತಿಗೆ ತಳ ಮುಟ್ಟುತ್ತದೆ. ಲ್ಯಾಬಿನವರು ಬರೆಯುವ ಬೆಳಗಿನ ಮಿತಿ ಇಂಥ ಜನರದ್ದು. ನಿಮ್ಮವರು ರಾತ್ರಿಯಿಡೀ ಎಚ್ಚರ ಇದ್ದು, ಡ್ಯೂಟಿ ಮುಗಿಸಿ, ಹಾಗೇ ಹೋಗಿ ರಕ್ತ ಕೊಟ್ಟಿದ್ದಾರೆ. ಅವರ ಮೈಗೆ ಅದು ಬೆಳಗೋ ರಾತ್ರಿಯೋ ಯಾರಿಗೆ ಗೊತ್ತು? ಒಂದು ಹೊತ್ತಿನ ಒಂದು ಅಂಕೆ ಹಿಡಿದು ಮನಸ್ಸಿನ ಸ್ಥಿತಿ ಹೇಳುವುದು ಎಂದರೆ, ಮಲ್ಪೆಯಲ್ಲಿ ಒಂದೇ ಒಂದು ಅಲೆ ನೋಡಿ ಕಡಲು ಉಬ್ಬರದಲ್ಲಿದೆಯೋ ಇಳಿತದಲ್ಲಿದೆಯೋ ಹೇಳಿದ ಹಾಗೆ. ಕಾರ್ಟಿಸಾಲ್ ಟೆಸ್ಟ್ ಇರುವುದು ಬೇರೆ ಕೆಲಸಕ್ಕೆ. ಅಡ್ರಿನಲ್ ಗ್ರಂಥಿಯೇ ಕೆಟ್ಟಿರುವ ಅಡಿಸನ್ ಕಾಯಿಲೆ, ಕಾರ್ಟಿಸಾಲ್ ವಿಪರೀತ ತಯಾರಾಗುವ ಕುಶಿಂಗ್ ಕಾಯಿಲೆ, ಇಂಥವನ್ನು ಪತ್ತೆ ಮಾಡಲು. ಅದಕ್ಕೂ ಒಂದೇ ಟೆಸ್ಟ್ ಸಾಲುವುದಿಲ್ಲ. ಹೆಲ್ತ್ ಪ್ಯಾಕೇಜಿನಲ್ಲಿ ‘ಸ್ಟ್ರೆಸ್ ಪ್ರೊಫೈಲ್’ ಎಂದು ಇದನ್ನು ಸೇರಿಸಿ ಮಾರುವುದು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ನಾರ್ಮಲ್ ಬಂದರೆ ಕಷ್ಟದಲ್ಲಿ ಇರುವವರು ಡಾಕ್ಟರ ಹತ್ತಿರ ಬರುವುದೇ ಇಲ್ಲ. ನಿಮ್ಮ ಮನೆಯಲ್ಲಿ ಆದದ್ದೂ ಅದೇ ಅಲ್ವಾ?

ಇನ್ನೊಂದು ವಿಷಯ ಕೇಳಿದರೆ ನಿಮಗೆ ಆಶ್ಚರ್ಯ ಆದೀತು. ಆಘಾತದ ನಂತರ ಬರುವ ಪಿಟಿಎಸ್‌ಡಿ ಕಾಯಿಲೆಯಲ್ಲಿ ಕಾರ್ಟಿಸಾಲ್ ಜಾಸ್ತಿ ಇರಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು. 1986ರಲ್ಲಿ ಜಾನ್ ಮೇಸನ್ ಮತ್ತವರ ತಂಡ ವಿಯೆಟ್ನಾಂ ಯುದ್ಧದಿಂದ ಬಂದವರ ಮೂತ್ರ ಪರೀಕ್ಷೆ ಮಾಡಿದಾಗ ಅದು ಕಡಿಮೆ ಇತ್ತು. ಆಮೇಲೆ ರೇಚಲ್ ಯೆಹುದಾ ಎಂಬ ವಿಜ್ಞಾನಿ ಇದರ ಬೆನ್ನು ಹತ್ತಿ ವರ್ಷಗಟ್ಟಲೆ ಕೆಲಸ ಮಾಡಿದರು. ‘ಸಾಕು ನಿಲ್ಲಿಸಿ’ ಎಂಬ ಸೂಚನೆಗೆ ಇಂಥವರ ಮೆದುಳು ಅತಿಯಾಗಿ ಸ್ಪಂದಿಸುತ್ತದೆ, ಅದಕ್ಕೇ ಕಾರ್ಟಿಸಾಲ್ ಬೇಗ ತಗ್ಗುತ್ತದೆ, ಆದರೆ ಅಡ್ರಿನಾಲಿನ್‌ನ ಹತ್ತಿರದ ನಂಟಿನ ನಾರ್‌ಅಡ್ರಿನಾಲಿನ್ ಎಂಬ ರಾಸಾಯನಿಕ ಮಾತ್ರ ಏರಿಯೇ ಇರುತ್ತದೆ ಎಂಬುದು ಅವರ ವಾದ. ಆಮೇಲಿನ ಅಧ್ಯಯನಗಳಲ್ಲಿ ಕೆಲವರಿಗೆ ಕಡಿಮೆ, ಕೆಲವರಿಗೆ ಮಾಮೂಲು, ಕೆಲವರಿಗೆ ಜಾಸ್ತಿ ಕಂಡಿದೆ. ಹಾಗಾಗಿ ಈ ಅಂಕೆ ಹಿಡಿದು ಯಾವ ಡಾಕ್ಟರೂ ಪಿಟಿಎಸ್‌ಡಿ ಇದೆ ಅಥವಾ ಇಲ್ಲ ಎಂದು ಹೇಳುವಂತಿಲ್ಲ.

ಇನ್ನು ಫೋನಿನ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದು.

ಆ ಬಂಡಿಯ ಒಳಗೆ ಒಮ್ಮೆ ಇಣುಕಿ ನೋಡಿ. ನಿಮ್ಮವರು ಎರಡೂ ಕೈ ಎದೆಯ ಮೇಲಿಟ್ಟು ಸಿಪಿಆರ್ ಕೊಡುತ್ತಿದ್ದಾರೆ. ನಿಮಿಷಕ್ಕೆ ನೂರರಿಂದ ನೂರ ಇಪ್ಪತ್ತು ಸಲ ಒತ್ತಬೇಕು, ಎಣಿಕೆ ತಪ್ಪಬಾರದು. ಪಕ್ಕದಲ್ಲೇ ಜೇಬಿನಲ್ಲಿ ಫೋನ್ ರಿಂಗ್ ಆಗುತ್ತದೆ, ನಿಲ್ಲುತ್ತದೆ, ಮತ್ತೆ ರಿಂಗ್ ಆಗುತ್ತದೆ. ಮನೆಯವರದ್ದೇ ಇರಬೇಕು ಎಂದು ಅವರಿಗೆ ಗೊತ್ತು. ಎತ್ತಲು ಕೈ ಖಾಲಿ ಇಲ್ಲ. ಎತ್ತಿದರೆ ಹೇಳುವುದೇನು? ಆ ಹೊತ್ತಿನಲ್ಲಿ ಅವರ ಮೆದುಳಿನಲ್ಲಿ ನಾರ್‌ಅಡ್ರಿನಾಲಿನ್ ತುಂಬಿ ಹರಿಯುತ್ತಿರುತ್ತದೆ. ಭಯದ ಜೊತೆ ಬಂದದ್ದನ್ನು ಅಚ್ಚೊತ್ತಿ ಇಡುವ ಕೇಂದ್ರಕ್ಕೆ ಅಮಿಗ್ಡಾಲಾ ಎನ್ನುತ್ತಾರೆ. ಈ ರಾಸಾಯನಿಕ ಸಿಕ್ಕಿದಾಗ ಅದು ಸದ್ದು, ವಾಸನೆ, ಬಣ್ಣ ಎಲ್ಲವನ್ನೂ ಬಲವಾಗಿ ಹಿಡಿದುಕೊಳ್ಳುತ್ತದೆ. ‘ಇದು ಇಂಥ ದಿನ, ಇಂಥ ಜಾಗದಲ್ಲಿ ಆದದ್ದು, ಈಗ ಮುಗಿದಿದೆ’ ಎಂದು ಚೀಟಿ ಅಂಟಿಸಬೇಕಾದ ಭಾಗ ಹಿಪೊಕ್ಯಾಂಪಸ್. ವಿಪರೀತ ಒತ್ತಡದಲ್ಲಿ ಆ ಕೆಲಸ ಅರ್ಧಂಬರ್ಧ ಆಗುತ್ತದೆ. ಹಾಗಾಗಿ ಸದ್ದು ಉಳಿಯಿತು, ತಾರೀಕು ಅಂಟಲಿಲ್ಲ. ನಿಮ್ಮ ಅಡುಗೆಮನೆಯಲ್ಲಿ ಫೋನ್ ರಿಂಗ್ ಆದಾಗ ಅವರ ಮೈ ಮತ್ತೆ ಅದೇ ಬಂಡಿಯೊಳಗೆ ಇರುತ್ತದೆ. ಅವರು ಬೇಕೆಂದು ಬೆಚ್ಚುವುದಲ್ಲ.

ಸೈಲೆಂಟ್ ಮಾಡಿದರೆ ಆ ಹೊತ್ತಿಗೆ ನೆಮ್ಮದಿ ಸಿಗುತ್ತದೆ. ಆದರೆ ರಿಂಗ್ ಕೇಳಿದರೂ ಈಗ ಏನೂ ಆಗುವುದಿಲ್ಲ ಎಂದು ಕಲಿಯಲು ಮೆದುಳಿಗೆ ಅವಕಾಶವೇ ಸಿಗುವುದಿಲ್ಲ. ಇವತ್ತು ರಿಂಗ್‌ಟೋನ್, ನಾಳೆ ಆ ರಸ್ತೆ, ಆಮೇಲೆ ಬೈಕ್, ಹೀಗೆ ತಪ್ಪಿಸುವ ಪಟ್ಟಿ ಬೆಳೆಯುತ್ತಾ ಹೋಗುತ್ತದೆ. ಎದುರು ಕೂತು ಮಾತಾಡದೆ ಕಾಯಿಲೆಯ ಹೆಸರು ಹೇಳುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಒಂದು ತಿಂಗಳು ಮೀರಿಯೂ ನೆನಪು ಬೇಡದೆ ಬರುವುದು, ತಪ್ಪಿಸಿಕೊಳ್ಳುವುದು, ಬೆಚ್ಚುವುದು, ನಿದ್ದೆಗೆಡುವುದು, ಸಿಡುಕುವುದು ಎಲ್ಲಾ ಒಟ್ಟಿಗೆ ಇದ್ದರೆ ನಾವು ಪಿಟಿಎಸ್‌ಡಿಯ ದಿಕ್ಕಿನಲ್ಲಿ ಯೋಚಿಸುತ್ತೇವೆ. ನಿಮ್ಮಲ್ಲಿ ಮೂರು ತಿಂಗಳು ಆಗಿದೆ. ಇನ್ನು ‘ತನ್ನಿಂತಾನೇ ಸರಿ ಹೋದೀತು’ ಅಂತ ಕಾಯಬೇಡಿ.

ಸೀನಿಯರ್ ಜೊತೆ ಹೋಲಿಸುವುದನ್ನು ದಯವಿಟ್ಟು ಬಿಡಿ, ಅವರ ಎದುರಿಗಂತೂ ಹೇಳಲೇಬೇಡಿ. ಪ್ರಪಂಚದ ಬೇರೆ ಬೇರೆ ದೇಶಗಳ ಲೆಕ್ಕ ಒಟ್ಟು ಹಾಕಿದರೆ ಅಗ್ನಿಶಾಮಕ, ಪೊಲೀಸ್, ಆಂಬುಲೆನ್ಸ್ ಸಿಬ್ಬಂದಿಯಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಪಿಟಿಎಸ್‌ಡಿ ಇರುತ್ತದೆ. ಆಂಬುಲೆನ್ಸ್‌ನವರಲ್ಲಿ ಉಳಿದವರಿಗಿಂತ ಜಾಸ್ತಿ. ಎಂದರೆ ಹೆಚ್ಚಿನವರು ಇಷ್ಟೆಲ್ಲ ನೋಡಿಯೂ ನಿಭಾಯಿಸುತ್ತಾರೆ, ಅದು ನಿಜ. ಆದರೆ ಯಾರು ನಿಭಾಯಿಸುತ್ತಾರೆ, ಯಾರು ಸಿಕ್ಕಿಬೀಳುತ್ತಾರೆ ಎನ್ನುವುದು ಧೈರ್ಯದ ಅಳತೆಯಿಂದ ತೀರ್ಮಾನ ಆಗುವುದಿಲ್ಲ. ಇಂಗ್ಲೆಂಡಿನಲ್ಲಿ ಹೊಸದಾಗಿ ಸೇರಿದ 386 ಪ್ಯಾರಾಮೆಡಿಕ್‌ಗಳನ್ನು ತರಬೇತಿಯ ಶುರುವಿನಿಂದ ಎರಡು ವರ್ಷ ಹಿಂಬಾಲಿಸಿದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ ಎಂಟರಷ್ಟು ಮಂದಿಗೆ ಆ ಅವಧಿಯಲ್ಲಿ ಪಿಟಿಎಸ್‌ಡಿ ಬಂತು. ಯಾರಿಗೆ ಬಂದೀತು ಎಂದು ಮೊದಲೇ ಸುಳಿವು ಕೊಟ್ಟದ್ದು ಒಂದು ಅಭ್ಯಾಸ. ಕಹಿ ನೆನಪನ್ನು ಮತ್ತೆ ಮತ್ತೆ ತಿರುವಿ ‘ಹೀಗ್ಯಾಕಾಯ್ತು, ನಾನು ಹಾಗೆ ಮಾಡಿದ್ದರೆ?’ ಎಂದು ಕೊರಗುವುದು. ಇದರಲ್ಲಿ ನನಗೆ ಖುಷಿ ಕೊಡುವ ಸಂಗತಿ ಏನೆಂದರೆ, ಇದು ಅಭ್ಯಾಸ. ಅಭ್ಯಾಸವನ್ನು ಬದಲಿಸಲು ಬರುತ್ತದೆ.

ಅಂದ ಹಾಗೆ ಆ ಸೀನಿಯರ್ ನಿಜವಾಗಿ ಆರಾಮಾಗಿದ್ದಾರೆಯೇ? ನಾನು ಅವರನ್ನು ನೋಡಿಲ್ಲ, ಏನೂ ಹೇಳಲಾರೆ. ಆದರೆ ಡ್ಯೂಟಿ ಮುಗಿದ ಕೂಡಲೇ ಬಾರಿಗೆ ಹೋಗಿ, ಎರಡು ಪೆಗ್ ಇಲ್ಲದೆ ಕಣ್ಣು ಮುಚ್ಚಲಾಗದವರು ಕೂಡ ಹೊರಗಿನವರಿಗೆ ಗಟ್ಟಿಯಾಗಿಯೇ ಕಾಣುತ್ತಾರೆ. ನಮ್ಮ ಕರಾವಳಿಯಲ್ಲಿ ಈ ಮಾತನ್ನು ಬಾಯಿ ಬಿಟ್ಟು ಹೇಳಬೇಕು. ಕುಡಿತ ನಿದ್ದೆ ಬರಿಸಿದ ಹಾಗೆ ಮಾಡುತ್ತದೆ, ಆದರೆ ರಾತ್ರಿಯ ಎರಡನೇ ಅರ್ಧದ ನಿದ್ದೆಯನ್ನು ಚೂರು ಚೂರು ಮಾಡುತ್ತದೆ. ದಿನದ ಹೊರೆ ಇಳಿಯಬೇಕಾದದ್ದು ಆ ನಿದ್ದೆಯಲ್ಲಿ. ನಿಮ್ಮವರು ಮೂರಕ್ಕೆ ಏಳುವುದರ ಹಿಂದೆ ಇದೂ ಇದೆಯಾ ಎಂದು ಒಮ್ಮೆ ನೋಡಿಕೊಳ್ಳಿ.

ಹಾಗಾದರೆ ಗಟ್ಟಿತನ ಎನ್ನುವುದು ಮೈಯಲ್ಲಿ ಎಲ್ಲೂ ಕಾಣುವುದೇ ಇಲ್ಲವಾ? ಕಾಣುತ್ತದೆ. ಅಮೆರಿಕದ ಸೈನ್ಯದಲ್ಲಿ ಸೆರೆ ಸಿಕ್ಕಿದಾಗ ಬದುಕುಳಿಯುವ ಕಠಿಣ ತರಬೇತಿ ಒಂದಿದೆ. ಅಣಕು ವಿಚಾರಣೆ ಇರುತ್ತದೆ, ಹಸಿವು, ನಿದ್ದೆಗೇಡು ಇರುತ್ತದೆ. ಚಾರ್ಲ್ಸ್ ಮಾರ್ಗನ್ ಮತ್ತು ಸಂಗಡಿಗರು ಅಲ್ಲಿನವರ ರಕ್ತ ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದರು. ವಿಶೇಷ ಪಡೆಯ ಸೈನಿಕರಲ್ಲಿ ನ್ಯೂರೋಪೆಪ್ಟೈಡ್ ವೈ ಎಂಬ, ಗಾಬರಿಯನ್ನು ಹತೋಟಿಯಲ್ಲಿ ಇಡುವ ರಾಸಾಯನಿಕ ಬೇರೆಯವರಿಗಿಂತ ಹೆಚ್ಚು ಏರಿತ್ತು. ಒಂದು ದಿನ ಕಳೆದ ಮೇಲೆ ಅವರಲ್ಲಿ ಅದು ಮೊದಲಿನ ಮಟ್ಟಕ್ಕೆ ಬಂದಿತ್ತು. ಉಳಿದವರಲ್ಲಿ ಮೊದಲಿಗಿಂತ ಕೆಳಗೆ ಹೋಗಿತ್ತು. ಅದೇ ತಂಡ ಆಮೇಲೆ ಡಿಎಚ್‌ಇಎ ಎಂಬ ಇನ್ನೊಂದು ಅಡ್ರಿನಲ್ ಹಾರ್ಮೋನನ್ನೂ ನೋಡಿತು. ಕಾರ್ಟಿಸಾಲ್‌ಗೆ ಹೋಲಿಸಿದರೆ ಅದು ಹೆಚ್ಚಿದ್ದವರು ತರಬೇತಿಯ ನಡುವೆ ಮಂಕಾಗುವುದು ಕಡಿಮೆ. ಎಲ್ಲದರಲ್ಲೂ ಕಾಣುವುದು ಅದೇ ವಿಷಯ: ಹಾರ್ಮೋನ್ ಚೆನ್ನಾಗಿ ಏರುತ್ತದೆ, ಆಮೇಲೆ ತನ್ನ ಜಾಗಕ್ಕೆ ವಾಪಸ್ ಬರುತ್ತದೆ.

ಇದನ್ನು ಓದಿ ಡಿಎಚ್‌ಇಎ ಮಾತ್ರೆ ಹುಡುಕಿಕೊಂಡು ಹೋಗಬೇಡಿ. ಆ ಸೈನಿಕರ ತರಬೇತಿ ಕೆಲವು ದಿನಗಳದ್ದು. ನಿಮ್ಮವರದ್ದು ಆರು ವರ್ಷದ ಡ್ಯೂಟಿ. ಒಂದು ಕೇಸ್‌ನಿಂದ ಇಳಿಯುವ ಮೊದಲೇ ಇನ್ನೊಂದು ಬರುತ್ತದೆ. ಹೀಗೆ ಇಳಿಯಲು ಬಿಡುವೇ ಸಿಗದೆ ಮೈ ಸವೆಯುವುದರ ಬಗ್ಗೆ ಬ್ರೂಸ್ ಮೆಕ್‌ಯೂಅನ್ ಮತ್ತು ಎಲಿಯಟ್ ಸ್ಟೆಲ್ಲರ್ 1993ರಲ್ಲೇ ಬರೆದಿದ್ದಾರೆ. ಬಿಪಿ, ಸಕ್ಕರೆ, ಹೊಟ್ಟೆ ಸುತ್ತ ಬೊಜ್ಜು, ನಿದ್ದೆ ಎಲ್ಲದರ ಮೇಲೂ ಅದರ ಪರಿಣಾಮ ಬೀಳುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಕೆಲಸದವರ ಪಾಡು ನೋಡಬೇಕು. ಹೆದ್ದಾರಿ 66ರಲ್ಲಿ ಜಾರಿದ ಬೈಕು, ಶಿರಾಡಿಯಲ್ಲಿ ಕುಸಿದ ಗುಡ್ಡ, ಕಡಲಿಗೆ ಇಳಿದ ಪ್ರವಾಸಿಗರು. ಪಣಂಬೂರು, ಮಲ್ಪೆಯ ಲೈಫ್‌ಗಾರ್ಡ್‌ಗಳಿಗೂ, ಬಾವಿಗೆ ಇಳಿದು ಹೆಣ ಎತ್ತುವ ಅಗ್ನಿಶಾಮಕದವರಿಗೂ ನಾನು ಇಲ್ಲಿ ಹೇಳುವ ಎಲ್ಲ ಮಾತೂ ಅನ್ವಯಿಸುತ್ತದೆ.

2010ರ ಮೇ 22 ಮಂಗಳೂರಿನವರು ಯಾರೂ ಮರೆಯುವುದಿಲ್ಲ. ದುಬೈನಿಂದ ಬಂದ ವಿಮಾನ ಬಜ್ಪೆಯ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿತ್ತು. 158 ಮಂದಿ ತೀರಿಕೊಂಡರು, 8 ಮಂದಿ ಉಳಿದರು. ಸುಟ್ಟು ಕರಕಲಾದ ದೇಹಗಳನ್ನು ಗುಡ್ಡ ಹತ್ತಿಸಿ ಮೇಲೆ ತಂದವರಲ್ಲಿ ಸಮವಸ್ತ್ರದವರೂ ಇದ್ದರು, ಆಸುಪಾಸಿನ ಊರಿನ ಹುಡುಗರೂ ಇದ್ದರು. ಸತ್ತವರ ಮನೆಯವರ ದುಃಖದ ಬಗ್ಗೆ ನಾವು ಮಾತಾಡಿದೆವು, ಅದು ಸರಿಯೇ. ದೇಹ ಹೊತ್ತವರಿಗೆ ಆಮೇಲೆ ನಿದ್ದೆ ಬಂತಾ ಎಂದು ಕೇಳಿದವರು ಕಡಿಮೆ ಎಂದು ನನ್ನ ಅನಿಸಿಕೆ. 2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ, ಕೆಲಸದ ಭಾಗವಾಗಿ ಮೃತರ ಅವಶೇಷ ಎತ್ತುವವರಿಗೂ ಪಿಟಿಎಸ್‌ಡಿ ಬರಬಹುದು ಎಂದು ಸ್ಪಷ್ಟವಾಗಿ ಬರೆದಿದೆ. ‘ಸತ್ತವರು ನಿನ್ನವರಲ್ಲವಲ್ಲ, ನಿನಗೇನು?’ ಎನ್ನುವವರಿಗೆ ಇದನ್ನು ತೋರಿಸಿ.

ಈಗ ಮನೆಯಲ್ಲಿ ಏನು ಮಾಡಬಹುದು ಎನ್ನುವುದು. ನಾನು ಹೆಚ್ಚು ಒತ್ತು ಕೊಡುವುದು ಡ್ಯೂಟಿ ಮುಗಿದ ಮೇಲಿನ ಮೊದಲ ಎರಡು ಗಂಟೆಗೆ. ನಮ್ಮ ಕಡೆ ಸಾವಿನ ಮನೆಗೆ ಹೋಗಿ ಬಂದವರು ಮಿಂದೇ ಒಳಗೆ ಬರುವುದು. ಅದೇ ಕ್ರಮ ಇಲ್ಲಿಯೂ ಇರಲಿ. ಯೂನಿಫಾರ್ಮ್ ಹೊರಗೇ ಕಳಚಲಿ, ಬಚ್ಚಲಲ್ಲಿ ಬಿಸಿನೀರು ಕಾದಿರಲಿ. ಮಿಂದು ಬಂದ ಮೇಲೆ ಕುಚ್ಚಲಕ್ಕಿ ಗಂಜಿಯೋ ಏನೋ ಹೊಟ್ಟೆಗೆ ಬೀಳಲಿ. ಡ್ಯೂಟಿ ಮುಗಿಯಿತು ಎಂದು ಮೈಗೆ ಗೊತ್ತಾಗಲು ಪ್ರತಿ ದಿನ ಅದೇ ಕ್ರಮ ಇರುವುದು ತುಂಬಾ ಸಹಾಯ ಮಾಡುತ್ತದೆ. ಆ ಹೊತ್ತಿನಲ್ಲಿ ಕರೆಂಟ್ ಬಿಲ್ಲು, ಮಗಳ ಮಾರ್ಕು ಬೇಡ. ನೈಟ್ ಡ್ಯೂಟಿ ಆದ ದಿನ ಕೋಣೆ ಕತ್ತಲೆ ಮಾಡಿ ಮಲಗಲು ಬಿಡಿ. ಡ್ಯೂಟಿಯ ಕೊನೆಯ ಐದಾರು ಗಂಟೆ ಚಾ, ಕಾಫಿ ಕಡಿಮೆ ಮಾಡಲು ಹೇಳಿ. ಮಲಗುವ ಮೊದಲು ಹತ್ತು ನಿಮಿಷ ನಿಧಾನವಾಗಿ, ನಿಮಿಷಕ್ಕೆ ಆರರಷ್ಟು ಸಲ ಉಸಿರಾಡಿದರೆ ಎದೆಬಡಿತ ತಗ್ಗುತ್ತದೆ. ನಿಧಾನವಾಗಿ ಉಸಿರು ಬಿಡುವುದು ಮುಖ್ಯ, ಎಳೆದುಕೊಳ್ಳುವುದಲ್ಲ.

‘ಏನಾಯ್ತು ಹೇಳಿ, ಹೇಳಿದರೆ ಹಗುರ ಆಗ್ತದೆ’ ಎಂದು ಒತ್ತಾಯ ಮಾಡಬೇಡಿ. ಇದು ಹಲವರಿಗೆ ವಿಚಿತ್ರ ಅನಿಸುತ್ತದೆ. ಹಿಂದೆ ದುರಂತದ ಮರುದಿನವೇ ಎಲ್ಲರನ್ನೂ ಕೂರಿಸಿ ನಡೆದದ್ದನ್ನೆಲ್ಲ ಬಾಯಿಬಿಡಿಸುವ ಒಂದೇ ಸಿಟ್ಟಿಂಗಿನ ಕ್ರಮ ಇತ್ತು. ಅದರಿಂದ ಪಿಟಿಎಸ್‌ಡಿ ತಪ್ಪುವುದಿಲ್ಲ, ಕೆಲವರಿಗೆ ಹೆಚ್ಚೇ ಆಗಬಹುದು ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2002ರ ಕಾಕ್ರೇನ್ ವಿಮರ್ಶೆ ತೋರಿಸಿತು. ಹಾಗೆಂದು ಮೌನವೇ ಮದ್ದು ಎಂದೂ ತಿಳಿಯಬೇಡಿ. ಆಘಾತ ಆದ ಮೇಲೆ ಜೊತೆಗೆ ನಿಲ್ಲುವವರು ಇಲ್ಲದೇ ಹೋಗುವುದು ಪಿಟಿಎಸ್‌ಡಿಗೆ ಬಲವಾದ ಕಾರಣಗಳಲ್ಲಿ ಒಂದು ಎಂದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ 2000ದಲ್ಲೇ ಹೇಳಿದೆ. ಹಾಗಾಗಿ ಹತ್ತಿರ ಇರಿ, ಕೆದಕಬೇಡಿ. ಮೂರು ಗಂಟೆಗೆ ಅವರು ಜಗಲಿಗೆ ಹೋದರೆ ನೀವೂ ಹೋಗಿ ಪಕ್ಕ ಕೂರಬಹುದು. ‘ನಿದ್ದೆ ಬಂದಿಲ್ವಾ’ ಎಂದಷ್ಟೇ ಕೇಳಿ. ಮಾತು ಬಂದರೆ ಕೇಳಿಸಿಕೊಳ್ಳಿ. ‘ನೀವೇನು ಮಾಡಲಿಕ್ಕಿತ್ತು, ಬಿಡಿ’ ಎಂದು ಬೇಗ ಮುಗಿಸಲು ಹೋಗಬೇಡಿ. ಆ ರಾತ್ರಿ ಜೊತೆಗಿದ್ದ ಪೈಲಟ್ ಜೊತೆ ಅವರು ಒಂದು ಚಾ ಕುಡಿದು ಮಾತಾಡಿದರೆ ಇನ್ನೂ ಒಳ್ಳೆಯದು. ಆ ಬಂಡಿಯೊಳಗೆ ಇದ್ದದ್ದು ಅವರಿಬ್ಬರೇ.

ಅಶ್ವಗಂಧದ ಬಗ್ಗೆ: ಕೆಲವು ಚಿಕ್ಕ ಅಧ್ಯಯನಗಳಲ್ಲಿ ಅದು ಕಾರ್ಟಿಸಾಲ್ ಅನ್ನು ಸ್ವಲ್ಪ ತಗ್ಗಿಸಿದೆ. ಆದರೆ ಈ ತೊಂದರೆ ಕಾರ್ಟಿಸಾಲ್ ತಗ್ಗಿಸಿದರೆ ಹೋಗುವಂಥದ್ದಲ್ಲ ಎಂದು ಇಷ್ಟು ಹೊತ್ತು ಹೇಳಿದೆನಲ್ಲ. ಅಪರೂಪಕ್ಕೆ ಯಕೃತ್ತಿಗೆ ಪೆಟ್ಟು ಬಿದ್ದ ವರದಿಗಳಿವೆ, ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರಿಗೆ ತೊಂದರೆ ಆಗಬಹುದು. ಹೆಚ್ಚು ಭಯ ನನಗೆ ಇನ್ನೊಂದರದ್ದು. ಮೆಡಿಕಲ್ ಶಾಪ್‌ನಿಂದ ಯಾರೋ ತಂದುಕೊಡುವ ಆಲ್ಪ್ರಜೋಲಾಮ್‌ನಂಥ ನಿದ್ದೆ ಮಾತ್ರೆ. ಆಘಾತದ ಮೊದಲ ತಿಂಗಳಲ್ಲಿ ಈ ಜಾತಿಯ ಮಾತ್ರೆ ಕೊಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಆಮೇಲೂ ಅದು ಈ ಕಾಯಿಲೆಗೆ ಮದ್ದಲ್ಲ, ಚಟ ಹಿಡಿಸುತ್ತದೆ. ನೈಟ್ ಡ್ಯೂಟಿಯವರು ಅದನ್ನು ಮುಟ್ಟಲೇಬಾರದು.

ಕೆಲಸ ಮಾಡುವ ಚಿಕಿತ್ಸೆ ಇದೆ. ಆಘಾತಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆ, ಕಣ್ಣಿನ ಚಲನೆ ಬಳಸುವ ಇಎಂಡಿಆರ್, ಎರಡಕ್ಕೂ ಒಳ್ಳೆಯ ಆಧಾರ ಇದೆ. ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಸಿಟ್ಟಿಂಗ್ ಬೇಕಾಗುತ್ತದೆ. ಒತ್ತಾಯದ ಬಾಯಿಬಿಡಿಸುವಿಕೆಗೂ ಇದಕ್ಕೂ ಅಜಗಜಾಂತರ. ಇಲ್ಲಿ ಅವರ ವೇಗಕ್ಕೆ ತಕ್ಕಂತೆ, ಪರಿಣತರ ಜೊತೆ, ಆ ರಾತ್ರಿಯನ್ನು ಮೊದಲಿಂದ ಕೊನೆತನಕ ನೋಡಿ ಅದಕ್ಕೆ ತಾರೀಕು ಅಂಟಿಸುವ ಕೆಲಸ ನಡೆಯುತ್ತದೆ. ಮುಂದೊಂದು ದಿನ ರಿಂಗ್‌ಟೋನ್ ಹಾಕಿಯೇ ಕೇಳಿಸುತ್ತೇವೆ, ಮೊದಲು ಸಣ್ಣ ಸದ್ದಿನಲ್ಲಿ. ಬೇಕಾದರೆ ಸರ್ಟ್ರಲೀನ್‌ನಂಥ ಮಾತ್ರೆ ಸೇರಿಸುತ್ತೇವೆ. ಇದು ಚಟ ಹಿಡಿಸುವ ಜಾತಿಯದ್ದಲ್ಲ. ಪರಿಣಾಮ ಕಾಣಲು ಕೆಲವು ವಾರ ಹಿಡಿಯುತ್ತದೆ. ನಿಲ್ಲಿಸುವಾಗ ಡಾಕ್ಟರು ಹೇಳಿದಂತೆ ನಿಧಾನಕ್ಕೆ ನಿಲ್ಲಿಸಬೇಕು. ದೈವದ ಎದುರು ನಿಂತು ಕೇಳಿಕೊಳ್ಳಬೇಕು ಎಂದು ಮನೆಯ ಹಿರಿಯರು ಹೇಳಿದರೆ ಅದಕ್ಕೂ ಅಡ್ಡ ಬರಬೇಡಿ. ಎರಡೂ ಒಟ್ಟಿಗೆ ನಡೆಯಲಿ, ಚಿಕಿತ್ಸೆ ಮಾತ್ರ ಮುಂದಕ್ಕೆ ಹಾಕಬೇಡಿ.

ಕೆಲಸದ ವಿಷಯಕ್ಕೆ, ಚಿಕಿತ್ಸೆ ಶುರುವಾಗಿ ಎರಡು ಮೂರು ತಿಂಗಳು ಕಳೆಯುವ ತನಕ ದೊಡ್ಡ ತೀರ್ಮಾನ ಬೇಡ. ಈ ಕೆಲಸ ಅವರಿಗೆ ಪೆಟ್ಟು ಕೊಟ್ಟಿದೆ, ಮರ್ಯಾದೆಯನ್ನೂ ಕೊಟ್ಟಿದೆ. ಸದ್ಯಕ್ಕೆ ಡೇ ಶಿಫ್ಟ್ ಅಥವಾ ಬೇರೆ ರೂಟ್ ಕೇಳಬಹುದು, ವೈದ್ಯರ ಪತ್ರ ಕೊಟ್ಟರೆ ಕೇಳುವುದು ಸುಲಭ. ಕಾಯಿಲೆಯ ವಿವರ ಕಚೇರಿಗೆ ಹೋಗುತ್ತದೆ ಎಂಬ ಹೆದರಿಕೆ ಅವರಿಗೆ ಇದ್ದರೆ, 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ಗುಟ್ಟನ್ನು ಕಾಪಾಡುವ ಹಕ್ಕು ಕೊಟ್ಟಿದೆ ಎಂದು ಹೇಳಿ. ಈ ಸೇವೆಗಳನ್ನು ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ಕೈಯಲ್ಲೇ ಸಾವಾದ ಕೇಸ್ ಮುಗಿದ ಕೂಡಲೇ ಮುಂದಿನ ಕಾಲ್ ಕೊಡಬೇಡಿ. ಬಂಡಿ ತೊಳೆಯಲು, ಕೈ ತೊಳೆಯಲು, ಒಂದು ಚಾ ಕುಡಿಯಲು ಅರ್ಧ ಗಂಟೆ ಬಿಡಿ. ಕಾರ್ಟಿಸಾಲ್ ತುದಿ ಮುಟ್ಟಿ ಇಳಿಯಲು ಶುರುವಾಗುವುದಕ್ಕೇ ಅಷ್ಟು ಹೊತ್ತು ಬೇಕು. ಮರುದಿನ ಒಂದು ಫೋನ್ ಮಾಡಿ ಹೇಗಿದ್ದೀಯ ಎಂದು ಕೇಳುವ ಮೇಲಧಿಕಾರಿ ಇದ್ದರೆ ಅದು ಯಾವ ವರ್ಕ್‌ಶಾಪ್‌ಗಿಂತಲೂ ಮೇಲು.

ಮಂಗಳೂರಿನ ವೆನ್ಲಾಕ್, ಉಡುಪಿಯ ಜಿಲ್ಲಾ ಆಸ್ಪತ್ರೆ, ಮಣಿಪಾಲ ಮತ್ತು ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳು, ಇವುಗಳಲ್ಲಿ ಯಾವುದು ಹತ್ತಿರವೋ ಅಲ್ಲಿನ ಮನೋವೈದ್ಯ ವಿಭಾಗಕ್ಕೆ ಹೋಗಿ. ಪರಿಚಯದವರು ಕಾಣುತ್ತಾರೆ ಎಂದು ಅವರು ಹಿಂಜರಿದರೆ ಮೊದಲು ಟೆಲಿ ಮಾನಸ್‌ಗೆ ಫೋನ್ ಮಾಡಬಹುದು. ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸೇವೆ ಇದು. ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು, ರಾತ್ರಿ ಮೂರಕ್ಕೂ ಎತ್ತುತ್ತಾರೆ. ‘ನಾನಿದ್ದು ಏನು ಪ್ರಯೋಜನ’ ಎಂಬಂಥ ಮಾತು ಅವರ ಬಾಯಲ್ಲಿ ಬಂದರೆ, ಅಥವಾ ಕುಡಿತ ಏಕಾಏಕಿ ಹೆಚ್ಚಿದರೆ, ಅಪಾಯಿಂಟ್‌ಮೆಂಟ್ ಕಾಯಬೇಡಿ. ಅದೇ ದಿನ ಕರೆದುಕೊಂಡು ಹೋಗಿ, ಒಬ್ಬರನ್ನೇ ಬಿಡಬೇಡಿ.

ಅವರು ಬರಲು ಒಪ್ಪದಿದ್ದರೆ ಮೊದಲ ಸಲ ನೀವೊಬ್ಬರೇ ಬನ್ನಿ. ಎಷ್ಟೋ ಮನೆಯಲ್ಲಿ ಹೀಗೇ ಶುರುವಾಗುತ್ತದೆ. ಬರುವಾಗ ಲ್ಯಾಬ್ ರಿಪೋರ್ಟ್ ಬೇಡ. ಈ ಎರಡು ವಾರ ಅವರು ಎಷ್ಟು ಹೊತ್ತಿಗೆ ಮಲಗಿದರು, ಎಷ್ಟಕ್ಕೆ ಎದ್ದರು, ಯಾವ ಶಿಫ್ಟ್ ಇತ್ತು, ಯಾವ ದಿನ ಸ್ವಲ್ಪ ಪರವಾಗಿಲ್ಲ ಎನಿಸಿತು, ಇಷ್ಟನ್ನು ಮಗಳ ಹಳೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದು ತನ್ನಿ. ಮೊದಲ ಭೇಟಿಗೆ ನನಗೆ ಅಷ್ಟು ಸಾಕು.